ಮುಕ್ತಾಂಬೆಯ ಅಲ್ಪವಿರಾಮ

ಇಂಗ್ಲಿಷ್ ವಾಕ್ಯದ ಮೊದಲ ತುಣುಕು ಮುಗಿದ ಮೇಲೆ ಅಲ್ಪವಿರಾಮ ಬೇಕೋ ಬೇಡವೋ ಎಂಬುದು ಗುರುಗಳ ಉಸಿರಿಗೆ ಗೊತ್ತು ಎಂದು ಆ ಆಶ್ರಮದಲ್ಲಿ ಎಲ್ಲರೂ ನಂಬಿದ್ದರು.

ನಿರಂಜನ ಗುರುಗಳು ಹೊಳೆದಂಡೆಯಲ್ಲಿ ಕೂತು ಊರವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅವರು ವಾಕ್ಯ ಹೇಳುವರು, ಶಿಷ್ಯರು ಬರೆದುಕೊಳ್ಳುವರು. ಅವರು ಉಸಿರೆಳೆದುಕೊಂಡಲ್ಲಿ ಇವರು ಅಲ್ಪವಿರಾಮ ಹಾಕುವರು. ನೋಟುಬುಕ್ಕು ತಿದ್ದುವುದು ಹಿರಿಯ ಶಿಷ್ಯ ಬಸವಂತಪ್ಪನ ಕೆಲಸ.

ಯಾಕೆ ಹೀಗೆ ಎಂದು ಯಾರೂ ಕೇಳಲಿಲ್ಲ. ಕೇಳದಿರುವುದನ್ನು ಅಲ್ಲಿ ಭಕ್ತಿ ಎನ್ನುತ್ತಿದ್ದರು.

ಗುರುಗಳಿಗೆ ವಯಸ್ಸಾಯಿತು. ಸೋಮವಾರದಿಂದ ಪಾಠ ಮುಕ್ತಾಂಬೆ ಮಾಡಲಿ ಎಂದರು.

ಮುಕ್ತಾಂಬೆ ಬೀಡಿ ಕಟ್ಟುವುದನ್ನು ಬಿಟ್ಟು ಬಂದು ಆರು ವರ್ಷ ಕಲಿತವಳು. ಪಾಠ ಹೇಳುವುದಕ್ಕಿಂತ ಹೆಚ್ಚಿನದನ್ನು ಅವಳು ಬಯಸಿರಲಿಲ್ಲ.

"ಎಲ್ಲಿ, ಒಂದು ವಾಕ್ಯ ಹೇಳು," ಎಂದ ಬಸವಂತಪ್ಪ.

ಅವಳು ಒಂದೇ ಉಸಿರಿಗೆ ಹೇಳಿದಳು.

"ನಿನ್ನ ಉಸಿರು ಇನ್ನೂ ಮಾಗಿಲ್ಲ, ತಂಗಿ. ಮೂರು ವರ್ಷ ಪ್ರಾಣಾಯಾಮ ಮಾಡು. ಅಲ್ಪವಿರಾಮ ತಾನಾಗಿ ಬರುತ್ತದೆ."

ಮುಕ್ತಾಂಬೆ ಪಾಠಕ್ಕೆಂದು ಕೊಟ್ಟಿದ್ದ ಸೀಮೆಸುಣ್ಣ ಹಿಂದಿರುಗಿಸಲು ಗುರುಗಳ ಬಳಿ ಹೋದಳು.

"ಈ ಪಾಠ ನನ್ನಿಂದಾಗದು, ಗುರುಗಳೇ. ಎಷ್ಟುದ್ದದ ವಾಕ್ಯವಾದರೂ ನನಗೆ ಒಂದು ಉಸಿರು ಸಾಕಾಗುತ್ತದೆ."

"ದಿನಾ ಹೊಳೆ ಈಜುವವಳಿಗೆ ಸಾಕಾಗದೆ ಏನು? ಬರಿ," ಎಂದರು ಗುರುಗಳು.

ಅವರು ಹೇಳಿದಂತೆ ಅವಳು ಹಲಗೆಯ ಮೇಲೆ ಬರೆದಳು: ವೈಲ್ ಕುಕಿಂಗ್ ದ ಸ್ವಾಮಿ ಸ್ಯಾಂಗ್.

ಗುರುಗಳು ಬಸವಂತಪ್ಪನನ್ನು ಕರೆಸಿದರು. "ಓದಪ್ಪ. ಕನ್ನಡದಲ್ಲಿ ಹೇಳು."

"ಸ್ವಾಮಿಯನ್ನು ಬೇಯಿಸುವಾಗ..." ಬಸವಂತಪ್ಪ ನಿಂತ. "ಯಾರು ಬೇಯಿಸಿದ್ದು, ಗುರುಗಳೇ?"

"ನನ್ನನ್ನೇನು ಕೇಳುತ್ತೀ? ಬರೆದವಳು ಅವಳು."

ಮುಕ್ತಾಂಬೆ ಎದ್ದು ಕುಕಿಂಗ್ ಆದ ಮೇಲೆ ಒಂದು ಅಲ್ಪವಿರಾಮ ಹಾಕಿದಳು.

"ಅಡುಗೆ ಮಾಡುವಾಗ ಸ್ವಾಮಿಗಳು ಹಾಡಿದರು," ಎಂದು ಓದಿದ ಬಸವಂತಪ್ಪ.

"ಸದ್ಯ, ಉಳಿದುಕೊಂಡರು," ಎಂದಳು ಮುಕ್ತಾಂಬೆ.

"ಅಲ್ಲೇ ಯಾಕೆ ಹಾಕಿದೆ?" ಎಂದರು ಗುರುಗಳು.

"ಅಣ್ಣ ಎಡವಿದ್ದು ಅಲ್ಲೇ."

ಅವಳೇ ಇನ್ನೊಂದು ಬರೆದಳು: ಇನ್ ದ ಮಾರ್ನಿಂಗ್ ವಿ ಸ್ವಿಮ್. ಬಸವಂತಪ್ಪ ಸಲೀಸಾಗಿ ಓದಿದ. ಅವಳು ಅದನ್ನು ಅಲ್ಪವಿರಾಮವಿಲ್ಲದೆ ಹಾಗೇ ಬಿಟ್ಟಳು.

ಮೂರನೆಯದು ಉದ್ದವಾಗಿತ್ತು. ಆಚೆ ದಡ, ಅಲ್ಲಿನ ಮರ, ಮರಕ್ಕೆ ಕಟ್ಟಿದ ಹಳೆಯ ದೋಣಿ, ಇಷ್ಟೆಲ್ಲ ಆದಮೇಲೆ ಎಲ್ಲೋ ಒಬ್ಬ ಮನುಷ್ಯ ಬರುತ್ತಿದ್ದ. ಆ ಮನುಷ್ಯನನ್ನು ಹುಡುಕುತ್ತ ಬಸವಂತಪ್ಪ ಎರಡು ಸಲ ಮೊದಲಿನಿಂದ ಓದಿದ. ಮುಕ್ತಾಂಬೆ ಆ ಮನುಷ್ಯನ ಮುಂಚೆ ಅಲ್ಪವಿರಾಮ ಹಾಕಿದಳು.

"ಓದುವವರನ್ನು ನೋಡಿದರೆ ಸಾಕೇ, ಗುರುಗಳೇ?"

"ಸೋಮವಾರ ಬೆಳಿಗ್ಗೆ ಏಳಕ್ಕೆ ಪಾಠ. ತಡ ಮಾಡಬೇಡ."

ಅವಳು ಸೀಮೆಸುಣ್ಣವನ್ನು ಸೆರಗಿಗೆ ಗಂಟು ಹಾಕಿಕೊಂಡಳು.

ಬಸವಂತಪ್ಪ ಅಲ್ಲೇ ನಿಂತಿದ್ದ. "ಹಾಗಾದರೆ ಇಪ್ಪತ್ತು ವರ್ಷದಿಂದ ತಾವು ವಾಕ್ಯದ ನಡುವೆ ಉಸಿರೆಳೆದುಕೊಳ್ಳುತ್ತಿದ್ದಿರಲ್ಲ, ಅದು ಯಾಕೆ?"

"ನನಗೆ ಉಬ್ಬಸ, ಬಸವಂತಪ್ಪ."