ಮಾಳವ್ವನ ಮೊಳ

ನಮ್ಮಜ್ಜಿಯ ಅಜ್ಜಿಗೂ ಹಲ್ಲು ಹುಟ್ಟಿರದ ಕಾಲ. ಬಯಲುಸೀಮೆಯ ಒಂದೂರಲ್ಲಿ ಮಾಳವ್ವ ಅಂತ ಒಬ್ಬ ಹುಡುಗಿ ಇದ್ದಳಂತೆ. ಅವಳು ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಕಾಟಪ್ಪ ಕುರಿ ಹೊಡಕೊಂಡು ಬಡಗಣ ದಿಕ್ಕಿಗೆ ಹೋದವನು ತಿರುಗಿ ಬರಲಿಲ್ಲವಂತೆ. ಸತ್ತ ಅಂತ ಸುದ್ದಿಯಿಲ್ಲ, ಇದ್ದಾನೆ ಅಂತಲೂ ಇಲ್ಲ. ಅವ್ವ ಬೊಮ್ಮವ್ವ ಕುಂಕುಮ ಇಟ್ಟುಕೊಳ್ಳಬೇಕೋ ಅಳಿಸಬೇಕೋ ತಿಳಿಯದೆ, ಹಬ್ಬಕ್ಕೆ ಇಟ್ಟು ಉಳಿದ ದಿನ ಬಿಡುತ್ತಿದ್ದಳಂತೆ.

ಆ ಊರೆಲ್ಲ ಕಂಬಳಿ ನೇಯುವವರು. ಅಲ್ಲೊಂದು ಕಟ್ಟಳೆ. ಮಗ್ಗಕ್ಕೆ ಕೂತ ಮಕ್ಕಳು ನೇಯುವ ಮೊದಲ ಕಂಬಳಿ ಅಪ್ಪನ ಅಳತೆಗೇ ಆಗಬೇಕು. ಅಪ್ಪ ಬಂದು ಮಗ್ಗದ ಪಕ್ಕ ಅಂಗಾತ ಮಲಗಬೇಕು. ಹಿಮ್ಮಡಿಯಿಂದ ನೆತ್ತಿವರೆಗೆ ಅಳೆದು ಅಲ್ಲಿಗೆ ಕತ್ತರಿಸಬೇಕು. ಅದಾಗುವ ತನಕ ಆ ಕೈಯ ಕಂಬಳಿಯನ್ನು ಯಾರೂ ಹೊದೆಯುವ ಹಾಗಿಲ್ಲ.

ಮಾಳವ್ವನ ಸರದಿ ಬಂತು. ಅಪ್ಪ ಎಷ್ಟುದ್ದ ಇದ್ದ ಅಂತ ಅವ್ವನನ್ನು ಕೇಳಿದಳಂತೆ. ಬಾಗಿಲಿಗೆ ತಲೆ ಬಡಿಯುತ್ತಿತ್ತು ಅಂದಳು ಬೊಮ್ಮವ್ವ. ಸೋದರಮಾವ, ಏ, ಅವನೆಲ್ಲಿ ಉದ್ದ, ನನ್ನ ಭುಜಕ್ಕೆ ಬರುತ್ತಿದ್ದ ಅಂದ. ಪಕ್ಕದ ಮನೆ ಮುದುಕಿ, ಉದ್ದ ಗಿಡ್ಡ ನೆನಪಿಲ್ಲ, ಶಿಳ್ಳೆ ಮಾತ್ರ ಚೆನ್ನಾಗಿ ಹಾಕುತ್ತಿದ್ದ ಅಂದಳು. ಶಿಳ್ಳೆಯನ್ನು ಮೊಳ ಹಾಕಿ ಅಳೆಯೋದು ಹೇಗೆ ಹೇಳಿ? ಹುಡುಗಿಗೆ ತಲೆ ಕೆಟ್ಟುಹೋಯಿತು. ಒಬ್ಬ ಅಪ್ಪನೂ ಇಲ್ಲದವಳಿಗೆ ಊರವರು ಹತ್ತು ಅಪ್ಪಂದಿರನ್ನು ಕೊಟ್ಟರಂತೆ. ಕತ್ತರಿಸಿದರೆ ಗಿಡ್ಡವಾದೀತು ಅಂತ ಹೆದರಿ, ಅವಳು ನೇಯುತ್ತಲೇ ಹೋದಳಂತೆ. ನೂಲು ಮುಗಿದರೆ ಇನ್ನೊಂದು ನೂಲು ಗಂಟು ಹಾಕಿ ನೇಯ್ದಳಂತೆ. ಇಪ್ಪತ್ತು ಮೊಳ ಅಂತಾರೆ, ನೂರು ಅಂತಾರೆ, ನಾನು ಅಳೆದಿಲ್ಲಪ್ಪ. ಓರಗೆಯವರ ಕಂಬಳಿ ಊರೂರು ಸುತ್ತಿದವು. ಇವಳದು ವರ್ಷಗಟ್ಟಲೆ ಮಗ್ಗ ಬಿಟ್ಟು ಇಳಿಯಲಿಲ್ಲ.

ಒಂದು ಪುಷ್ಯ ಮಾಸ, ಚಳಿಗಾಳಿ ಬೀಸುವಾಗ, ಬಡಗಣದಿಂದ ಬಂದ ಕುರಿಗಾರರು ಜ್ವರದಲ್ಲಿ ನಡುಗುವ ಮುದುಕನೊಬ್ಬನನ್ನು ಊರ ಕಟ್ಟೆ ಮೇಲೆ ಮಲಗಿಸಿ ಮುಂದೆ ಹೋದರಂತೆ. ಕಾಟಪ್ಪ ಬಂದ ಅಂತ ಕೆಲವರು ಕೂಗಿದರು. ಇವನಲ್ಲ ಬಿಡ್ರೋ ಅಂದರು ಕೆಲವರು. ಬೊಮ್ಮವ್ವನನ್ನು ಕರೆತಂದರು. ಅವಳು ಎಡಗಡೆಯಿಂದ ನೋಡಿದಳು, ಬಲಗಡೆಯಿಂದ ನೋಡಿದಳು. ಆಮೇಲೆ ಅಲ್ಲೇ ಕುಸಿದು ಕೂತು, "ಗೊತ್ತಾಗ್ತಿಲ್ಲ ಕಣೇ. ನನ್ನ ಜೊತೆ ಇದ್ದಿದ್ದೇ ಒಂದು ಮಳೆಗಾಲ" ಅಂತ ಅತ್ತುಬಿಟ್ಟಳಂತೆ.

ಮಾಳವ್ವ ಕತ್ತರಿ ಹಿಡಿದು ನಿಂತಿದ್ದಳು. ಇವನ ಅಳತೆಗೆ ಕತ್ತರಿಸಿದರೆ ಇವನೇ ಅಪ್ಪ ಅಂತ ಒಪ್ಪಿದ ಹಾಗೆ. ನಾಳೆ ನಿಜವಾದವನು ಬಂದರೆ? ಕತ್ತರಿಸದೆ ಬಿಟ್ಟು, ಇವನೇ ಆಗಿದ್ದರೆ? ಅಳೆಯೋಣವೆಂದರೆ ಮುದುಕ ಮುದುಡಿಕೊಂಡು ಬಿದ್ದಿದ್ದ, ಉದ್ದವೋ ಗಿಡ್ಡವೋ ಒಂದೂ ತಿಳಿಯದು. ಅಳು ಬಂತು, ಸಿಟ್ಟೂ ಬಂತು. ಹಾಳಾಗಿ ಹೋಗಲಿ ಅಂತ ಕಂಬಳಿಯನ್ನು ಇಡಿಯಾಗಿ ಮಗ್ಗದಿಂದ ಬಿಚ್ಚಿ, ಹೊತ್ತು ತಂದು ಅವನ ಮೈಗೆ ಸುತ್ತಿದಳಂತೆ. ಸುತ್ತಿದಷ್ಟೂ ಉಳಿಯಿತಂತೆ.

ಮೂರನೇ ದಿನ ಜ್ವರ ಬಿಟ್ಟಿತು. ಇದು ಯಾರ ಕಂಬಳಿ ಅಂತ ಮುದುಕ ಕೇಳಿದ. ನಮ್ಮಪ್ಪಂದು ಅಂದಳು. ಅವನು ತುದಿ ಹುಡುಕುತ್ತಾ ಎಳೆದ, ಎಳೆದ, ಎಳೆದೇ ಎಳೆದ.

"ಅಬ್ಬಬ್ಬಾ! ಎಂಥಾ ಆಳು ತಾಯಿ ನಿಮ್ಮಪ್ಪ!" ಅಂದನಂತೆ.

ಮಾಳವ್ವ ನಕ್ಕಳು ಅಂತಲೂ ಹೇಳ್ತಾರೆ, ಅತ್ತಳು ಅಂತಲೂ ಹೇಳ್ತಾರೆ. ಅವನನ್ನು ನೆಟ್ಟಗೆ ಮಲಗಿಸಿ ಅಳೆದಳು. ಅಳತೆಗಿಂತ ಒಂದು ಮೊಳ ಹೆಚ್ಚಿಗೆ ಬಿಟ್ಟು ಕತ್ತರಿಸಿದಳು. ಇವನು ಅಪ್ಪನಲ್ಲದಿದ್ದರೆ ಆ ಮೊಳ ನಿಜವಾದವನ ಲೆಕ್ಕಕ್ಕಿರಲಿ ಅಂತ. ಉಳಿದದ್ದನ್ನು ತಂದು ಅವ್ವನಿಗೆ ಹೊದಿಸಿದಳು. ಮುದುಕ ಕಂಬಳಿ ಹೊದ್ದು, ಅಂಚು ನೆಲಕ್ಕೆ ಎಳೆಯುತ್ತಾ ಹೊರಟುಹೋದ. ಊರು ದಾಟಿದ ಮೇಲೆ ಶಿಳ್ಳೆ ಕೇಳಿಸಿತು ಅಂತಾರೆ ಕೆಲವರು. ಗಾಳಿ ಅಂತಾರೆ ಕೆಲವರು. ನನ್ನ ಕೇಳಬೇಡಿ, ನನಗೂ ಗೊತ್ತಿಲ್ಲ.

ಇವತ್ತಿಗೂ ಆ ಊರಲ್ಲಿ ಮೊದಲ ಕಂಬಳಿಗೆ ಅಪ್ಪನ ಅಳತೆ ತೆಗೆದ ಮೇಲೆ ಒಂದು ಮೊಳ ಹೆಚ್ಚಿಗೆ ನೇಯುತ್ತಾರೆ. ಮಾಳವ್ವನ ಮೊಳ ಅಂತ ಅದರ ಹೆಸರು. ಅಪ್ಪ ಇಲ್ಲದ ಕೂಸು ಮಗ್ಗಕ್ಕೆ ಕೂತರೆ, ಯಾರೂ ಕರೆಯೋದು ಬೇಡ, ಊರಿನ ಗಂಡಸರಲ್ಲಿ ಒಬ್ಬ ತಾನಾಗಿ ಬಂದು ಮಗ್ಗದ ಪಕ್ಕ ಅಳತೆಗೆ ಮಲಗುತ್ತಾನೆ.