ತಗಡಿನ ಮೇಲಿನ ಹೆಸರು

ಪಕ್ಕದ ಮನೆ ವಾರಿಜಾಕ್ಷಿ ತಮ್ಮ ಗಿಡಗಳಿಗೆಲ್ಲ ಹೆಸರಿನ ಚೀಟಿ ಕಟ್ಟಿಸಿದ ದಿನದಿಂದ ಸುಲೋಚನಮ್ಮನಿಗೆ ಊಟ ರುಚಿಸಲಿಲ್ಲ. ಆಕೆಯ ಹೂವು ಕಂಡರೇ ಹೊಟ್ಟೆ ಉರಿಯುತ್ತಿತ್ತು, ಈಗ ಹೆಸರು ಬೇರೆ! ತಾವೂ ಮಾಲಿಯಿಂದ ಬರೆಸಿದರು. ಒಂದೇ ಮಳೆಗೆ ಎಲ್ಲ ತೊಳೆದುಹೋಯಿತು.

"ಈ ಸಲ ಅಳಿಸಿಹೋದರೆ ಕೆಲಸಕ್ಕೆ ಬರಬೇಡ," ಎಂದು ಮಾಲಿಯ ಮೇಲೆ ಹರಿಹಾಯ್ದರು. "ಭಾನುವಾರ ಅವಳನ್ನ ಕಾಫಿಗೆ ಕರೆದಿದ್ದೀನಿ. ಓದಿ ಓದಿ ಉರ್ಕೋಬೇಕು!"

"ಈ ಸಲ ಏನಂತ ಬರೀಲಿ ಅಮ್ಮಾ?"

"ಅದನ್ನೂ ನಾನೇ ಹೇಳಬೇಕಾ? ದಿನಾ ನೀರು ಹಾಕು ಅನ್ನುವಾಗ ಏನಂತೀನೋ ಅದನ್ನೇ ಬರಿ."

"ಅದನ್ನೇನಾ?"

"ಒಂದಕ್ಷರ ಬಿಡದ ಹಾಗೆ!"

ಮಾಲಿ ತಗಡು ಕತ್ತರಿಸಿ, ಮೊಳೆಯಿಂದ ಅಕ್ಷರ ಕೊರೆದು, ತಂತಿಯಲ್ಲಿ ಬಿಗಿದ.

ಭಾನುವಾರ ವಾರಿಜಾಕ್ಷಿ ಬಗ್ಗಿ ಗಟ್ಟಿಯಾಗಿ ಓದಿದರು: "ವಾರಿಜಾಕ್ಷಿ ಮನೆ ದಾಸವಾಳ. ವಾರಿಜಾಕ್ಷಿ ಮನೆ ಕನಕಾಂಬರ. ವಾರಿಜಾಕ್ಷಿ ಮನೆ ದುಂಡುಮಲ್ಲಿಗೆ..." ಆಮೇಲೆ ಸೊಂಟಕ್ಕೆ ಕೈಯಿಟ್ಟು ನಕ್ಕರು. "ಓಹೋ! ನಮ್ಮ ಕಾಂಪೌಂಡಿಗೆ ಕೈ ಹಾಕಿ ಕಡ್ಡಿ ಮುರೀತಿದ್ದೋರು ನೀವೇನಾ? ಕೇಳಿದ್ರೆ ಬೇರು ಸಮೇತ ಕೊಡ್ತಿದ್ದೆನಲ್ರೀ!"

ಸುಲೋಚನಮ್ಮನ ಮುಖ ದಾಸವಾಳದಷ್ಟೇ ಕೆಂಪಾಯಿತು. "ಅಳಿಸೋ ಅದನ್ನ!" ಎಂದು ಮಾಲಿಗೆ ಹಲ್ಲು ಕಚ್ಚಿ ಪಿಸುಗುಟ್ಟಿದರು.

"ಅಳಿಸಿದ್ರೆ ಕೆಲಸ ಹೋಗುತ್ತಲ್ಲಮ್ಮಾ," ಎಂದ ಮಾಲಿ, ಕೊಡ ಎತ್ತಿಕೊಂಡು ವಾರಿಜಾಕ್ಷಿ ಮನೆ ದಾಸವಾಳಕ್ಕೆ ನೀರು ಹಾಕಲು ಹೊರಟ.