ಉಪ್ಪಿನ ಪ್ರಶ್ನೆ

"ಮೇಷ್ಟ್ರೇ, ನನಗೆ ಗೊತ್ತಿರುವುದನ್ನೆಲ್ಲ ಓಬಳೇಶನಿಗೂ ಹೇಳಿಕೊಡಬೇಕಾ?"

ಕೇಳಿದವನು ತಿಪ್ಪೇಶ. ಸರ್ಕಾರಿ ಹುದ್ದೆಯೊಂದರ ಪರೀಕ್ಷೆಗೆ ಓದುತ್ತಿದ್ದ. ಓಬಳೇಶ ಅವನ ಜೊತೆಯಲ್ಲೇ ಉಂಡು, ಜೊತೆಯಲ್ಲೇ ಓದುವ ಗೆಳೆಯ. ಜಿಲ್ಲೆಗೆ ಇದ್ದುದು ಒಂದೇ ಹುದ್ದೆ. ವಯಸ್ಸಿನ ಮಿತಿಯಿಂದಾಗಿ ತಿಪ್ಪೇಶನಿಗೆ ಇದೇ ಕೊನೆಯ ಅವಕಾಶ. ಹೋದ ವಾರ ನಿವೃತ್ತ ಸರ್ವೆ ಅಧಿಕಾರಿಯೊಬ್ಬರು ಜಿಲ್ಲೆಯ ಕೆರೆ, ಹಳ್ಳಗಳ ವಿಚಾರವನ್ನೆಲ್ಲ ಅವನಿಗೆ ಬಿಡಿಸಿ ಹೇಳಿದ್ದರು. ಯಾವ ಗೈಡಿನಲ್ಲೂ ಇಲ್ಲದ ವಿಚಾರ. ಸಾಮಾನ್ಯ ಜ್ಞಾನದ ಪತ್ರಿಕೆಯಲ್ಲಿ ಅದರಿಂದ ಪ್ರಶ್ನೆ ಬಂದೇ ಬರುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಗಂಗಾಧರಯ್ಯ ಮೇಷ್ಟ್ರು ಮಠದ ವಿದ್ಯಾರ್ಥಿನಿಲಯದಲ್ಲಿ ಇಂಥ ಹುಡುಗರಿಗೆ ಪುಕ್ಕಟೆ ಪಾಠ ಹೇಳುವವರು. ಕೇಳಿದ್ದಕ್ಕೆ ಹೌದು, ಇಲ್ಲ ಎಂದು ಹೇಳಿ ಮುಗಿಸುವ ಅಭ್ಯಾಸ ಅವರಿಗಿಲ್ಲ. ಕೂರಿಸಿಕೊಂಡು ಕತೆ ಶುರು ಮಾಡಿದರು.

ಒಬ್ಬ ಅರಸನಿದ್ದ. ಅವನ ಗಡಿಯ ಕೋಟೆಗೆ ಒಬ್ಬ ಅಧಿಕಾರಿ ಬೇಕಾಗಿದ್ದ. ಆ ಕೋಟೆಗೆ ನಾನಾ ಊರಿನ ಜನ ಬರುತ್ತಾರೆ. ಯಾವ ದಾರಿ, ಯಾವ ಸಂತೆ, ಯಾವ ಹೊಳೆ ದಾಟಬೇಕು ಎಂದು ಕೇಳುತ್ತಾರೆ. ಆದ್ದರಿಂದ ಅರಸ ಹುದ್ದೆಗೆ ಬಂದವರಿಗೆ ಕತ್ತಿ ಬೀಸು ಎನ್ನುತ್ತಿರಲಿಲ್ಲ, ಶ್ಲೋಕ ಹೇಳು ಎನ್ನುತ್ತಿರಲಿಲ್ಲ. ಸಭೆಯಲ್ಲಿ ನಿಲ್ಲಿಸಿ ನಾಡಿನ ಬಗ್ಗೆ ಪ್ರಶ್ನೆ ಹಾಕುತ್ತಿದ್ದ. ಈಗ ನೀವು ಬಾಯಿಪಾಠ ಮಾಡಿ ಸಾಯುತ್ತೀರಲ್ಲ, ಆ ಸಾಮಾನ್ಯ ಜ್ಞಾನದ ಮುತ್ತಜ್ಜ ಅದು. ನಲವತ್ತು ದಾಟಿದವರು ನಿಲ್ಲುವಂತಿಲ್ಲ ಎಂಬ ನಿಯಮ ಆಗಲೂ ಇತ್ತು.

ಒಂದೇ ಊರಿನಿಂದ ಒಬ್ಬ ರೈತ, ಒಬ್ಬ ನೇಕಾರ ಆ ಹುದ್ದೆಗೆ ಸಿದ್ಧರಾಗುತ್ತಿದ್ದರು. ರೈತನಿಗೆ ಅದೇ ಕೊನೆಯ ಸಲ. ಊರು ಆಡಿಕೊಂಡರೂ ಲೆಕ್ಕಿಸದೆ ಅವನ ಹೆಂಡತಿ ತಾನೇ ನೇಗಿಲು ಹಿಡಿದು ಗಂಡನಿಗೆ ಬಿಡುವು ಮಾಡಿಕೊಟ್ಟಿದ್ದಳು. ಎಂಥ ಹೆಣ್ಣುಮಗಳು!

ದೇಶ ಸುತ್ತು, ಕೋಶ ಓದು ಎನ್ನುತ್ತಾರೆ. ಇವರಿಗೆ ಸುತ್ತಲು ಪುರುಸೊತ್ತಿಲ್ಲ, ಓದಲು ಕೋಶವಿಲ್ಲ. ದೇಶ ಸುತ್ತಿ ಬಂದವರನ್ನೇ ಹಿಡಿದು ಕೂರಿಸಿ ಕೇಳುತ್ತಿದ್ದರು. ಗಾಡಿಯವರು, ಜಂಗಮರು, ಯಾತ್ರೆಯವರು, ಯಾರನ್ನೂ ಬಿಡುತ್ತಿರಲಿಲ್ಲ. ಅವರಿಬ್ಬರಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ತಿಳಿದದ್ದನ್ನು ಮರುದಿನ ಬೆಳಿಗ್ಗೆ ಇನ್ನೊಬ್ಬನಿಗೆ ಪ್ರಶ್ನೆಯಾಗಿ ಹಾಕಬೇಕು. ಅವನಿಗೆ ಬಾರದಿದ್ದರೆ ಉತ್ತರ ಹೇಳಿಕೊಡಬೇಕು. ಹಾಗೆ ಕಲಿತವನು ಅದೇ ಪ್ರಶ್ನೆಯನ್ನು ಮಾರನೆಯ ದಿನ ಹೇಳಿಕೊಟ್ಟವನಿಗೇ ತಿರುಗಿಸಿ ಕೇಳಬೇಕು. ಎಷ್ಟೋ ಸಲ ಹೇಳಿಕೊಟ್ಟವನೇ ತಡವರಿಸುತ್ತಿದ್ದ. ಆಗ ಇಬ್ಬರೂ ನಕ್ಕು, ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಪರೀಕ್ಷೆಯ ಹಿಂದಿನ ದಿನ ಇಬ್ಬರೂ ರಾಜಧಾನಿಯ ಹೊರಗಿನ ಛತ್ರದಲ್ಲಿ ಇಳಿದುಕೊಂಡರು. ನೇಕಾರ ಒಳಗೆ ಅಡುಗೆಗೆ ಕೂತ. ಹೊರಗೆ ಉಪ್ಪಿನ ಹೇರು ಹೊತ್ತ ಎತ್ತೊಂದು ಕುಂಟುತ್ತಿತ್ತು. ರೈತ ಅದರ ಗೊರಸಿಗೆ ಸಿಕ್ಕಿದ್ದ ಕಲ್ಲು ತೆಗೆದ. ಎತ್ತಿನ ಒಡತಿ, ಒಬ್ಬ ಮುದುಕಿ, ಸುಮ್ಮನೆ ಕೂತು ತನ್ನ ಬದುಕಿನ ಮಾತಾಡಿದಳು. ಮಳೆಗಾಲದಲ್ಲಿ ಉಪ್ಪಿನ ವ್ಯಾಪಾರ ಹೇಗೆ ನಡೆಯುತ್ತದೆ ಎಂಬುದೂ ಆ ಮಾತಿನಲ್ಲಿ ಬಂತು. ರೈತನ ಕಿವಿ ನೆಟ್ಟಗಾಯಿತು. ಅರಸ ಕೇಳುವುದು ಇಂಥದ್ದನ್ನೇ ಎಂದು ಅವನಿಗೆ ಗೊತ್ತು.

ಬೆಳಿಗ್ಗೆ ಅರಮನೆಯ ದಾರಿಯಲ್ಲಿ ನೇಕಾರ, "ಇವತ್ತಿನ ಪ್ರಶ್ನೆ ಎಲ್ಲಯ್ಯಾ?" ಎಂದ.

ತಿಪ್ಪೇಶ, ಇಲ್ಲಿ ಒಂದು ಗಳಿಗೆ ನಿಲ್ಲು. ರೈತನೇನು ದಡ್ಡನಲ್ಲ. ಹುದ್ದೆ ಒಂದೇ. ಮನೆಯಲ್ಲಿ ಹೆಂಡತಿ ಕೆಸರಲ್ಲಿ ನಿಂತಿದ್ದಾಳೆ. ಹಳೆಯದೊಂದು ಪ್ರಶ್ನೆ ಹಾಕಿ ನಕ್ಕು ಮುಂದೆ ನಡೆದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಅವನು ಉಪ್ಪಿನ ಪ್ರಶ್ನೆಯನ್ನೇ ಹಾಕಿದ. ನೇಕಾರನಿಗೆ ಬರಲಿಲ್ಲ. ಉತ್ತರವನ್ನು ಅವನ ತಲೆಗೆ ಹತ್ತುವವರೆಗೂ ಹೇಳಿಕೊಟ್ಟ. 

ಸಭೆಯಲ್ಲಿ ಹುದ್ದೆಗೆ ಬಂದವರೆಲ್ಲ ಉತ್ತರ ತಪ್ಪಿ ಒಬ್ಬೊಬ್ಬರಾಗಿ ಸೋತರು. ಕೊನೆಗೆ ಉಳಿದವರು ಇವರಿಬ್ಬರೇ. ಅರಸ ಇಬ್ಬರಿಗೂ ಒಂದೊಂದು ಬೇರೆ ಪ್ರಶ್ನೆ ಹಾಕಿದ. ಗಡಿಯಾಚೆಯ ಜನ ಹೊಸ ವರ್ಷವನ್ನು ಯಾವ ತಿಂಗಳಲ್ಲಿ ಮಾಡುತ್ತಾರೆ ಎಂದು ರೈತನನ್ನು ಕೇಳಿದ. ರೈತ ಗೊತ್ತಿಲ್ಲ ಎಂದ. ಆಮೇಲೆ ನೇಕಾರನ ಕಡೆ ತಿರುಗಿ, "ಮಳೆಗಾಲದಲ್ಲಿ ಘಟ್ಟದ ದಾರಿ ಮುಚ್ಚಿದ ಮೇಲೆ ಉಪ್ಪು ನಮ್ಮ ನಾಡಿಗೆ ಹೇಗೆ ಬರುತ್ತದೆ?" ಎಂದ.

ನೇಕಾರ ತಿರುಗಿ ರೈತನ ಮುಖ ನೋಡಿದ. ರೈತ ಹೇಳು ಎನ್ನುವಂತೆ ತಲೆಯಾಡಿಸಿದ.

"ಬರುವುದಿಲ್ಲ ಪ್ರಭು," ಎಂದ ನೇಕಾರ. "ಮಳೆಗೆ ಮುಂಚೆಯೇ ತಂದು ಘಟ್ಟದ ಮೇಲಿನ ಊರುಗಳಲ್ಲಿ ಗುಡಾಣಗಳಿಗೆ ತುಂಬಿ ಇಡುತ್ತಾರೆ. ಮಳೆಗಾಲವೆಲ್ಲ ನಾವು ತಿನ್ನುವುದು ಅದನ್ನೇ. ಆದರೆ ಈ ಉತ್ತರ ನನ್ನದಲ್ಲ. ಇವತ್ತು ಬೆಳಿಗ್ಗೆ ಇವನು ಹೇಳಿಕೊಟ್ಟದ್ದು."

ಸಭೆ ಗುಜುಗುಜು ಎಂದಿತು. ಒಂದೇ ಹುದ್ದೆ ಎಂದು ಗೊತ್ತಿದ್ದೂ ಏಕೆ ಹೇಳಿಕೊಟ್ಟೆ ಎಂದು ಅರಸ ರೈತನನ್ನು ಕೇಳಿದ.

"ಪ್ರಭು, ಅವನಿಗೆ ಹೇಳಿ ನೋಡುವವರೆಗೆ ನನಗೆ ಗೊತ್ತಿದೆಯೋ ಇಲ್ಲವೋ ನನಗೇ ತಿಳಿಯುವುದಿಲ್ಲ. ನನ್ನ ತಲೆಯಲ್ಲಿರುವುದರಲ್ಲಿ ಅರ್ಧ ಅವನು ತಂದದ್ದು. ಇನ್ನರ್ಧ ಅವನು ಕೇಳಿ ಕೇಳಿ ಉಳಿಸಿದ್ದು. ಬಚ್ಚಿಡುವುದಾದರೆ ಯಾವುದನ್ನು ಬಚ್ಚಿಡಲಿ?"

ಅರಸ ಎದ್ದು ನಿಂತ. ಒಬ್ಬ ರೈತನಿಗಾಗಿ ಅವನು ಎದ್ದದ್ದನ್ನು ಆ ಸಭೆ ಹಿಂದೆ ಕಂಡಿರಲಿಲ್ಲ. ಆದರೂ ನಿಯಮ ನಿಯಮವೇ, ಉತ್ತರ ಹೇಳಿದವನಿಗೇ ಹುದ್ದೆ. ಹುದ್ದೆ ನೇಕಾರನದಾಯಿತು. ರೈತ ಗೆಳೆಯನನ್ನು ತಬ್ಬಿಕೊಂಡು ಬೀಳ್ಕೊಂಡ. ಊರಿಗೆ ಬಂದು ಹೆಂಡತಿಯ ಕೈಯಿಂದ ನೇಗಿಲು ಇಸಿದುಕೊಂಡ.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು. ತಿಪ್ಪೇಶ ಮುಂದೆ ಏನಾದರೂ ಇರಬಹುದೆಂದು ಕಾದ. ಇರಲಿಲ್ಲ.

"ಅಷ್ಟೇನಾ ಮೇಷ್ಟ್ರೇ? ರೈತ ಸೋತುಬಿಟ್ಟನಲ್ಲ. ಹೇಳಿಕೊಟ್ಟು ಅವನಿಗೆ ಸಿಕ್ಕಿದ್ದಾದರೂ ಏನು?"

"ಸೋತ ಕಣಪ್ಪ, ಸುಳ್ಳೇಕೆ ಹೇಳಲಿ, ಆದರೆ ಗೆಳೆಯನಿಗೆ ಒಂದು ಮಾತು ಹೇಳಲು ಇಷ್ಟು ಲೆಕ್ಕ ಹಾಕುವ ನೀನು, ನಾಳೆ ಆ ಕುರ್ಚಿಯ ಮೇಲೆ ಕೂತು, ಕೇಳಿಕೊಂಡು ಬಂದ ಜನಕ್ಕೆ ಏನು ಹೇಳುತ್ತೀಯ?"